ಕ್ಯಾಪ್ಸಿಕಂ ಅಳಿಲಿಗೆ, ಕೆಂಪು ಮೆಣಸಿನಕಾಯಿ ಹಕ್ಕಿಗೆ: ನಮಗೆ ಉಳಿಯುವುದು ಹೇಗೆ?

ಪ್ರಶ್ನೆ: ಮನೆ ಹಿಂದಿನ ಸ್ವಲ್ಪ ಜಾಗದಲ್ಲಿ ಟೊಮೆಟೊ, ಬೀನ್ಸ್, ಸೌತೆ, ಖಾರದ ಮೆಣಸಿನಕಾಯಿ, ಕ್ಯಾಪ್ಸಿಕಂ ಬೆಳೆಯುತ್ತಿದ್ದೇನೆ. ಗಿಡಗಳು ಚೆನ್ನಾಗಿ ಬರುತ್ತವೆ, ಕಾಯಿ ಮಾತ್ರ ಕೈಗೆ ಸಿಗುತ್ತಿಲ್ಲ. ಟೊಮೆಟೊ ಕೆಂಪಾದ ದಿನವೇ ಯಾರೋ ಕಚ್ಚಿ ಹೋಗಿರುತ್ತಾರೆ. ಕ್ಯಾಪ್ಸಿಕಂ ಅರ್ಧಂಬರ್ಧ ತಿಂದು ಬಿಟ್ಟಿರುತ್ತವೆ. ಪಕ್ಕದಲ್ಲೇ ಇರುವ ಖಾರದ ಗಿಡವನ್ನು ಅಳಿಲು ಮುಟ್ಟುವುದಿಲ್ಲ, ಆದರೆ ಹಣ್ಣಾದ ಮೆಣಸಿನಕಾಯಿಯನ್ನೆಲ್ಲ ಹಕ್ಕಿಗಳು ಕಿತ್ತುಕೊಂಡು ಹೋಗುತ್ತವೆ. ಬಲೆ ಹಾಕಿದೆ, ಒಂದು ಹಕ್ಕಿ ಅದರಲ್ಲಿ ಸಿಕ್ಕಿಕೊಂಡಿತು. ಬಿಡಿಸಿ ಬಲೆಯನ್ನೇ ತೆಗೆದುಬಿಟ್ಟೆ. ಇಲಿ ಪಾಷಾಣ ಇಡಿ ಅಂತ ಹೇಳುತ್ತಾರೆ, ಮನೆಯಲ್ಲಿ ಬೆಕ್ಕಿದೆ. ಈ ನಡುವೆ ಮೆಣಸಿನ ಎಲೆ ಮುದುಡುತ್ತಿದೆ. ಬೀನ್ಸ್ ಬಳ್ಳಿಯೊಳಗೆ ಒಂದು ಹಕ್ಕಿ ಗೂಡು ಕಟ್ಟಿದೆ. ಪ್ರಾಣಿಗಳಿಗೆ ತೊಂದರೆ ಕೊಡದೆ ತರಕಾರಿ ಬೆಳೆಯುವುದು ಸಾಧ್ಯವೇ?

ಉತ್ತರ: ಸಾಧ್ಯ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವೂ ಇದೆ. ಅಳಿಲು ಕ್ಯಾಪ್ಸಿಕಂ ತಿಂದು ಖಾರದ ಮೆಣಸಿನಕಾಯಿ ಬಿಟ್ಟಿತು, ಹಕ್ಕಿ ಅದನ್ನೇ ಹುಡುಕಿಕೊಂಡು ಬಂತು ಅಂತ ನೀವೇ ನೋಡಿದ್ದೀರಿ. ತೋಟಕ್ಕೆ ಬರುವ ಒಂದೊಂದು ಜೀವಿಗೂ ಬೇಕಾದದ್ದು ಬೇರೆ, ಬರುವ ಹೊತ್ತು ಬೇರೆ. ಇಡೀ ತೋಟವನ್ನು ಎಲ್ಲರಿಂದ, ಎಲ್ಲ ಕಾಲದಲ್ಲೂ ಕಾಯಲು ಹೋದರೆ ಸೋಲುವುದು ಖಂಡಿತ. ಯಾವ ಕಾಯಿಯ ಮೇಲೆ ಯಾರ ಕಣ್ಣಿದೆ ಎಂದು ತಿಳಿದುಕೊಳ್ಳಿ. ಆ ಕಾಯಿಯನ್ನು ಆ ಕೆಲವು ದಿನ ಮಾತ್ರ ಕಾಪಾಡಿ. ನಾನು ಹೇಳುವ ಬಹುಪಾಲು ಉಪಾಯಗಳು ಇದರ ಸುತ್ತಲೇ ಇವೆ.

ಮೆಣಸಿನಕಾಯಿಯಿಂದಲೇ ಶುರು ಮಾಡೋಣ. ಅದರ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ಒಂದು ಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ನೋಡಿ. ತೊಟ್ಟಿನ ಕೆಳಗಿನಿಂದ ಮೆತ್ತಗಿನ ಬಿಳಿ ತಿರುಳು ಇಳಿದಿರುತ್ತದೆ, ಬೀಜಗಳು ಅದಕ್ಕೆ ಅಂಟಿಕೊಂಡಿರುತ್ತವೆ. ತುಂಬಾ ಖಾರದ ತಳಿಯಾದರೆ ಆ ತಿರುಳಿನ ಮೇಲೆ ಹಳದಿ ಬಣ್ಣದ ಸಣ್ಣ ಸಣ್ಣ ಹನಿಗಳೂ ಕಾಣುತ್ತವೆ. ಖಾರ ತಯಾರಾಗುವುದು ಆ ತಿರುಳಿನಲ್ಲಿ. ಬೀಜ ಖಾರ ಅನ್ನಿಸುವುದು ತಿರುಳು ತಾಗಿಕೊಂಡಿರುವುದರಿಂದ. ಕ್ಯಾಪ್ಸಿಕಂನಲ್ಲೂ ಇಂಥದ್ದೇ ತಿರುಳಿದೆ. ಆದರೆ ಖಾರ ತಯಾರಿಸಲು ಬೇಕಾದ ಒಂದು ಜೀನ್ ಅದರಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಅಳಿಲಿಗೆ, ಇಲಿಗೆ ಅದು ರಸ ತುಂಬಿದ ಸಿಹಿ ಕಾಯಿ, ಅಷ್ಟೇ.

ನಮ್ಮ ಬಾಯಲ್ಲಿ ಬಿಸಿ ತಗುಲಿದಾಗ ಎಚ್ಚರಿಸುವ ಒಂದು ಗ್ರಾಹಕ, ಅಂದರೆ ನರಗಳಲ್ಲಿರುವ ಒಂದು ಪ್ರೋಟೀನ್, ಇದೆ. ಕ್ಯಾಪ್ಸೈಸಿನ್ ಅದನ್ನೇ ಕೆಣಕುತ್ತದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರ ತಂಡ 1997ರಲ್ಲಿ ಈ ಗ್ರಾಹಕವನ್ನು ಪತ್ತೆ ಮಾಡಿತು. 2021ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಅಳಿಲು, ಇಲಿ, ಮೊಲ, ಕೋತಿ, ಹೀಗೆ ಹಾಲುಣಿಸುವ ಪ್ರಾಣಿಗಳಿಗೆಲ್ಲ ಹೆಚ್ಚುಕಡಿಮೆ ನಮ್ಮ ಹಾಗೆಯೇ ಖಾರ ಹತ್ತುತ್ತದೆ. ಹಕ್ಕಿಗಳಲ್ಲೂ ಆ ಗ್ರಾಹಕ ಇದೆ, ಆದರೆ ಅದು ಕ್ಯಾಪ್ಸೈಸಿನ್‌ಗೆ ಜಗ್ಗುವುದಿಲ್ಲ. ಇದರಿಂದ ಗಿಡಕ್ಕೆ ಏನು ಲಾಭ ಅಂತ ಸಂಶೋಧಕರಾದ ಜೋಶುವಾ ಟ್ಯೂಕ್ಸ್‌ಬರಿ ಮತ್ತು ಗ್ಯಾರಿ ನಭಾನ್ 2001ರಲ್ಲಿ ತೋರಿಸಿಕೊಟ್ಟರು. ಅಮೆರಿಕದ ಅರಿಜೋನಾದ ಕಾಡು ಮೆಣಸಿನ ಹಣ್ಣುಗಳನ್ನು ತಿನ್ನುತ್ತಿದ್ದದ್ದು ಹಕ್ಕಿಗಳು. ಇಲಿಗಳು ಖಾರದ ಹಣ್ಣಿನ ಹತ್ತಿರ ಸುಳಿಯುತ್ತಿರಲಿಲ್ಲ. ಖಾರವಿಲ್ಲದ ಮೆಣಸಿನ ಹಣ್ಣು ಕೊಟ್ಟಾಗ ಇಲಿಗಳು ತಿಂದವು, ಆದರೆ ಅವುಗಳ ಹೊಟ್ಟೆಯಿಂದ ಹೊರಬಂದ ಬೀಜ ಮೊಳೆಯಲಿಲ್ಲ. ಹಕ್ಕಿಯ ಹೊಟ್ಟೆಯಿಂದ ಬಂದದ್ದು ಮೊಳೆಯಿತು. ಅಂದರೆ ಮೆಣಸಿನ ಗಿಡ ಹಕ್ಕಿಗಾಗಿಯೇ ಕೆಂಪಾಗುತ್ತದೆ. ಹಕ್ಕಿ ಬರದಂತೆ ಮಾಡಲು ನೀವು ಖಾರದ ನೀರು ಸಿಂಪಡಿಸಿದರೆ ಏನೂ ಆಗುವುದಿಲ್ಲ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಅಳಿಲು, ಇಲಿಗಳಿಗಾದರೆ ಖಾರದ ನೀರು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ. ಮಳೆ ಬಂದರೆ ತೊಳೆದು ಹೋಗುತ್ತದೆ, ಮತ್ತೆ ಹಾಕಬೇಕು. ಸಿಂಪಡಿಸುವಾಗ ಗಾಳಿ ಬೀಸಿದರೆ ನಿಮ್ಮ ಕಣ್ಣಿಗೇ ಬೀಳುತ್ತದೆ. ಆ ಟೊಮೆಟೊ ನೀವೂ ತಿನ್ನಬೇಕು. ನನಗೆ ಇದು ಅಷ್ಟು ಇಷ್ಟವಾದ ಉಪಾಯ ಅಲ್ಲ. ಖಾರ ಇರುವುದು ಕಾಯಿಯಲ್ಲಿ ಎಂಬುದನ್ನೂ ನೆನಪಿಡಿ. ಮೆಣಸಿನ ಎಲೆಯಲ್ಲಿ ಖಾರ ಇಲ್ಲವೆನ್ನುವಷ್ಟು ಕಡಿಮೆ. ಎಳೆ ಕಾಯಿಯಲ್ಲೂ ಖಾರ ತುಂಬಲು ಕೆಲವು ವಾರ ಬೇಕು. ಆದ್ದರಿಂದ ಖಾರದ ತಳಿಯಾದರೂ ಸಸಿ ಮತ್ತು ಪುಟ್ಟ ಕಾಯಿಗಳಿಗೆ ಕಾವಲು ಬೇಕೇ ಬೇಕು.

ಈಗ ಯಾರು ತಿನ್ನುತ್ತಿದ್ದಾರೆ ಎಂದು ಕಂಡುಹಿಡಿಯುವ ಕೆಲಸ. ಒಂದು ವಾರ ಇದನ್ನು ಬಿಟ್ಟು ಬೇರೇನೂ ಮಾಡಬೇಡಿ. ಕತ್ತಲಾಗುವ ಹೊತ್ತಿಗೆ ಗಿಡಗಳನ್ನು ಒಮ್ಮೆ ನೋಡಿ, ಬೆಳಗ್ಗೆ ಬೆಳಕು ಹರಿಯುತ್ತಿದ್ದಂತೆ ಇನ್ನೊಮ್ಮೆ ನೋಡಿ. ರಾತ್ರಿ ಆದ ಹಾನಿ ಅಳಿಲಿನದ್ದೂ ಅಲ್ಲ, ಹಗಲು ಹಕ್ಕಿಯದ್ದೂ ಅಲ್ಲ. ಅದು ಇಲಿ, ಹೆಗ್ಗಣ, ಬಸವನಹುಳು ಅಥವಾ ಮರಿಹುಳು. ಹಗಲಿನಲ್ಲಿ ಆಗಿದ್ದರೆ ಅಳಿಲು ಅಥವಾ ಹಕ್ಕಿ. ಈ ಒಂದು ವ್ಯತ್ಯಾಸ ತಿಳಿದರೇ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಆಮೇಲೆ ಗಾಯ ನೋಡಿ. ಕಚ್ಚಿದ ಕ್ಯಾಪ್ಸಿಕಂ ಅನ್ನು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಎರಡೆರಡು ಸಣ್ಣ ಗೆರೆ ಜೋಡಿಯಾಗಿ ಕೊರೆದ ಹಾಗೆ ಇದ್ದರೆ ಅದು ಮುಂದಿನ ಬಾಚಿ ಹಲ್ಲಿನ ಗುರುತು. ಇಲಿಯೂ ಅಳಿಲೂ ಹೀಗೇ ಕಚ್ಚುತ್ತವೆ. ಒಳಗಿನ ಬೀಜ ಖಾಲಿಯಾಗಿ, ನೆಲದ ಮೇಲೆ ಒಂದೆರಡು ಸೆಂ.ಮೀ. ಉದ್ದದ ಕಪ್ಪು ಹಿಕ್ಕೆ ಬಿದ್ದಿದ್ದರೆ ಇಲಿಯೇ. ಹಕ್ಕಿ ಕುಕ್ಕಿದ ಗಾಯ ಒಳಕ್ಕೆ ಆಳವಾಗಿ, ಮೊನಚಾಗಿರುತ್ತದೆ. ದುಂಡನೆಯ ತೂತು, ಅದರ ಬಾಯಲ್ಲಿ ಒದ್ದೆ ಪುಡಿಯಂಥ ಹಿಕ್ಕೆ ಇದ್ದರೆ ಕಾಯಿಕೊರಕ ಹುಳು. ಎಲೆಯ ಮೇಲೆ ಒಣಗಿದ ಹೊಳೆಯುವ ಲೋಳೆ ಗೆರೆ ಇದ್ದರೆ ಬಸವನಹುಳು. ಸಸಿಯನ್ನು ನೆಲಮಟ್ಟದಲ್ಲಿ ಕತ್ತರಿಸಿ ಮಲಗಿಸಿದ್ದರೆ ಮಣ್ಣಿನಲ್ಲಿ ಅಡಗಿರುವ ಮರಿಹುಳು. ಬೆರಳಿನಿಂದ ಸುತ್ತಲೂ ಎರಡು ಇಂಚು ಕೆದಕಿದರೆ ಸುರುಳಿ ಸುತ್ತಿಕೊಂಡು ಸಿಗುತ್ತದೆ. ಮೊಲ ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ಹಾಗೆ ಚೊಕ್ಕವಾಗಿ ಕಡಿಯುತ್ತದೆ. ಜಿಂಕೆ ಹರಿದು ಎಳೆದಿರುತ್ತದೆ, ಅದಕ್ಕೆ ಮೇಲಿನ ಬಾಚಿ ಹಲ್ಲು ಇಲ್ಲ. ಇಷ್ಟಾದರೂ ಅನುಮಾನ ಉಳಿದರೆ ಸಂಜೆ ಒಂದು ಟೈಲ್ ಮೇಲೆ ಬೂದಿಯನ್ನೋ ಹಿಟ್ಟನ್ನೋ ತೆಳ್ಳಗೆ ಉದುರಿಸಿ ಗಿಡದ ಬುಡದಲ್ಲಿ ಇಡಿ. ಬೆಳಗ್ಗೆ ಹೆಜ್ಜೆ ಗುರುತು ನೋಡಬಹುದು.

ಟೊಮೆಟೊ ವಿಷಯ ಎಲ್ಲಕ್ಕಿಂತ ಸುಲಭ. ಅದು ಗಿಡದಲ್ಲೇ ಕೆಂಪಾಗಬೇಕು ಎಂಬ ಹಟ ಬಿಡಿ. ತುದಿಯಲ್ಲಿ ತುಸು ಗುಲಾಬಿ ಅಥವಾ ಹಳದಿ ಬಣ್ಣ ಮೂಡಿದ ದಿನವೇ ಕಿತ್ತುಬಿಡಿ. ಆ ಹೊತ್ತಿಗೆ ಕಾಯಿ ಪೂರ್ತಿ ಬಲಿತಿರುತ್ತದೆ. ಒಳಗೆ ನೆರಳಿನಲ್ಲಿ ಇಟ್ಟರೆ ಕೆಲವೇ ದಿನದಲ್ಲಿ ಹಣ್ಣಾಗುತ್ತದೆ, ಬಿಸಿಲು ಬೇಕಿಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ರುಚಿ ಕೆಡುತ್ತದೆ. ಅಳಿಲಿಗೂ ಹಕ್ಕಿಗೂ ಹಣ್ಣಾದದ್ದೇ ಕರೆಯೋಲೆ. ಕೆಂಪಾಗುವ ಮುಂಚೆಯೇ ಕಿತ್ತರೆ ಬಲೆಯ ಗೊಡವೆಯೇ ಇಲ್ಲ.

ಕ್ಯಾಪ್ಸಿಕಂ, ಮೆಣಸಿನಕಾಯಿಗಳಿಗೆ ಇದು ನಡೆಯುವುದಿಲ್ಲ. ಹಸಿರಾಗಿ ಕಿತ್ತದ್ದು ಟೊಮೆಟೊ ಹಾಗೆ ಒಳಗೆ ಕೂತು ಹಣ್ಣಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಬಣ್ಣ ಬಂದಿದ್ದರೆ ಮಾತ್ರ ಉಳಿದದ್ದೂ ತಿರುಗಬಹುದು. ಹಸಿರು ಕ್ಯಾಪ್ಸಿಕಂ ಸಾಕು ಎನ್ನುವುದಾದರೆ ಗಾತ್ರ ತುಂಬಿ, ಒತ್ತಿದರೆ ಗಟ್ಟಿ ಅನ್ನಿಸಿದ ಕೂಡಲೇ ಕೊಯ್ಯಿರಿ. ಕೆಂಪು, ಹಳದಿ ಬೇಕೆಂದರೆ ಇನ್ನೂ ಎರಡರಿಂದ ನಾಲ್ಕು ವಾರ ಗಿಡದಲ್ಲೇ ಬಿಡಬೇಕು. ಅಪಾಯ ಇರುವುದು ಆ ವಾರಗಳಲ್ಲಿ. ಇಡೀ ಗಿಡ ಮುಚ್ಚುವ ಬದಲು ಒಂದೊಂದು ಕಾಯಿಗೂ ಕವಚ ಹಾಕಿ. ತಂತಿ ಜಾಲರಿಯನ್ನು ಕೊಳವೆಯಾಗಿ ಸುತ್ತಿ, ಎರಡೂ ತುದಿ ಮಡಚಿದರೆ ಆಯಿತು. ಜಾಲರಿಯ ಚೂಪು ತುದಿ ಒಳಮುಖವಾಗಿ ಇರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕಾಯಿಗೇ ಗಾಯ. ಅದರ ಭಾರ ಕೊಂಬೆಯ ಮೇಲೆ ಬೀಳದ ಹಾಗೆ ಊರುಗೋಲಿಗೆ ಕಟ್ಟಿ.

ಖಾರದ ಮೆಣಸಿನಕಾಯಿಗೆ ಇಷ್ಟು ಗಟ್ಟಿ ಕವಚ ಬೇಡ, ಬರುವುದು ಹಕ್ಕಿ ತಾನೇ. ಹಸಿರಲ್ಲೇ ಕೊಯ್ಯುವ ಗಿಡವನ್ನು ಹಾಗೇ ಬಿಡಿ. ಒಣಗಿಸಲು ಅಥವಾ ಬೀಜಕ್ಕೆ ಎಂದು ಕೆಂಪಾಗಿಸುವ ಕೊಂಬೆಗಳಿಗೆ ಮಾತ್ರ ತೆಳುವಾದ ಬಟ್ಟೆಯ ಚೀಲ ಕಟ್ಟಿ. ಉಡುಗೊರೆಗೆ ಬಳಸುವ ಆರ್ಗಂಜಾ ಚೀಲ ಇದಕ್ಕೆ ಹೇಳಿ ಮಾಡಿಸಿದ್ದು: ಗಾಳಿ, ಬೆಳಕು ಬರುತ್ತದೆ, ದಾರ ಎಳೆದರೆ ಬಾಯಿ ಮುಚ್ಚುತ್ತದೆ. ಸಣ್ಣ ಕಾಯಿ ಬಿಡುವ ತಳಿಯ ಒಂದು ಗಿಡವನ್ನು ಬೇಲಿ ಪಕ್ಕ ಮುಚ್ಚದೆ ಬಿಡಿ ಎಂದೂ ಹೇಳುತ್ತೇನೆ. ನೂರಾರು ಕಾಯಿ ಬಿಡುವ ಗಿಡ, ಹಕ್ಕಿಗಳು ಅಲ್ಲೇ ತಿಂದುಕೊಳ್ಳಲಿ. ಅದೇ ಹಕ್ಕಿಗಳು ಮರಿ ಮಾಡಿದಾಗ ನಿಮ್ಮ ಬೀನ್ಸ್ ಎಲೆಯ ಹುಳುಗಳನ್ನು ಹೆಕ್ಕುತ್ತವೆ.

ಬಲೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನೀವು ಕಂಡ ಹಾಗೆ ಅದು ಹಾನಿಯನ್ನೂ ಮಾಡುತ್ತದೆ. ತೆಳ್ಳಗಿನ ನೈಲಾನ್ ದಾರದ, ದೊಡ್ಡ ಕಣ್ಣಿನ ಬಲೆಯನ್ನು ಗಿಡದ ಮೇಲೆ ಸುಮ್ನೆ ಹೊದಿಸುವುದೇ ತಪ್ಪಿನ ಮೂಲ. ಹಕ್ಕಿಯ ಕಾಲು, ರೆಕ್ಕೆ ಅದರಲ್ಲಿ ಸುತ್ತಿಕೊಳ್ಳುತ್ತದೆ. ನೆಲಕ್ಕೆ ಬಿದ್ದ ಸಡಿಲ ಬಲೆಯಲ್ಲಿ ಹಾವು ಅರ್ಧ ತೂರಿ ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದಕ್ಕೆ ಬರಲು ಹೋದರೆ ಹುರುಪೆ ದಾರಕ್ಕೆ ಕಚ್ಚಿಕೊಳ್ಳುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಮನೆ ತೋಟದ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು, ಪೂರ್ತಿ ಎಳೆದಾಗಲೂ, 5 ಮಿ.ಮೀ. ಮೀರಬಾರದು ಎಂಬ ನಿಯಮವೇ ಇದೆ. ಅಳತೆ ಪಟ್ಟಿ ಬೇಕಿಲ್ಲ, ಕಿರುಬೆರಳು ತೂರಿಸಿ ನೋಡಿ. ಬೆರಳು ಒಳಗೆ ಹೋದರೆ ಆ ಬಲೆ ಬೇಡ.

ಒಳ್ಳೆಯ ಬಲೆ ತಂದರೂ ಅದನ್ನು ಗಿಡದ ಮೇಲೆ ಹರಡಬೇಡಿ. ನಾಲ್ಕು ಕೋಲು ನೆಟ್ಟು ಚೌಕಟ್ಟು ಮಾಡಿ, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿ. ಕೈಯಿಂದ ತಟ್ಟಿದರೆ ಪುಟಿಯಬೇಕು. ಕೆಳ ಅಂಚನ್ನು ಮಣ್ಣಿಗೆ ಸರಿಯಾಗಿ ಊರಿ, ಸಡಿಲ ಸೆರಗು ಉಳಿಸಬೇಡಿ. ಬಿಳಿ ಬಣ್ಣದ ಬಲೆ ಹಕ್ಕಿಗೆ ಚೆನ್ನಾಗಿ ಕಾಣುತ್ತದೆ, ಕಪ್ಪು, ಹಸಿರಿಗಿಂತ ಅದು ವಾಸಿ. ದಿನಕ್ಕೊಮ್ಮೆಯಾದರೂ ಸುತ್ತಲೂ ನೋಡಿ. ಕೊಯ್ಲು ಮುಗಿದ ದಿನವೇ ಬಿಚ್ಚಿ ಒಳಗಿಡಿ.

ಆದರೆ ಇಲಿ, ಅಳಿಲು ನೈಲಾನ್ ಬಲೆಯನ್ನು ಕಡಿದುಹಾಕುತ್ತವೆ. ಅವುಗಳಿಗೆ ಕಬ್ಬಿಣದ ತಂತಿ ಜಾಲರಿಯೇ ಆಗಬೇಕು, ಸತು ಲೇಪಿಸಿದ್ದಾದರೆ ತುಕ್ಕು ಹಿಡಿಯುವುದಿಲ್ಲ. ಕಣ್ಣು 6 ಮಿ.ಮೀ. ಇದ್ದರೆ ಚಿಟ್ಟಿಲಿಯೂ ನುಸುಳಲಾರದು. ನಾಲ್ಕಾರು ಕ್ಯಾಪ್ಸಿಕಂ ಕುಂಡಗಳನ್ನು ಒಟ್ಟಿಗೆ ಇಟ್ಟು ಅದರ ಸುತ್ತ ಮರದ ಚೌಕಟ್ಟಿನ ಜಾಲರಿ ಗೂಡು ಮಾಡಿಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಮೇಲ್ಭಾಗವೂ ಮುಚ್ಚಿರಬೇಕು. ಸಣ್ಣ ಜೇನುನೊಣ ಈ ಕಣ್ಣಿನಲ್ಲಿ ತೂರಿ ಬರುತ್ತದೆ. ಬಾರದಿದ್ದರೂ ಮೆಣಸು, ಕ್ಯಾಪ್ಸಿಕಂ, ಟೊಮೆಟೊ, ಬೀನ್ಸ್‌ಗೆ ಚಿಂತೆಯಿಲ್ಲ. ಇವು ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಬೆಳಗ್ಗೆ ಹೊತ್ತು ಕೊಂಬೆಯನ್ನು ಮೆಲ್ಲಗೆ ಅಲುಗಿಸಿದರೆ ಇನ್ನೂ ಒಳ್ಳೆಯದು. ಸೌತೆ, ಹೀರೆ, ಕುಂಬಳಗಳ ಕಥೆ ಬೇರೆ. ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಇರುವುದರಿಂದ ದುಂಬಿ ಬರಲೇಬೇಕು. ಅವನ್ನು ಮುಚ್ಚಬೇಡಿ. ಮುಚ್ಚಲೇಬೇಕಾದರೆ ಬೆಳಗ್ಗೆ, ಹೀರೆಗಾದರೆ ಸಂಜೆ, ಗಂಡು ಹೂ ಕಿತ್ತು ಹೆಣ್ಣು ಹೂವಿನ ನಡುವೆ ನೀವೇ ಸವರಿ.

ಇಲಿ ಪಾಷಾಣದ ಬಗ್ಗೆ ನನ್ನ ಮಾತು ಒಂದೇ: ಬೇಡ. ಈಗ ಸಿಗುವ ಪಾಷಾಣಗಳಲ್ಲಿ ಬ್ರೋಮಾಡಿಯೋಲೋನ್, ಬ್ರೋಡಿಫಾಕಂ ಮುಂತಾದವು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷಗಳು. ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಒಳಗೊಳಗೇ ರಕ್ತ ಸೋರಿ, ನಿತ್ರಾಣವಾಗಿ ಹಗಲಲ್ಲೂ ತೂರಾಡುತ್ತದೆ. ಅಂಥ ಇಲಿ ಬೆಕ್ಕಿಗೆ, ಗೂಬೆಗೆ ಸುಲಭವಾಗಿ ಸಿಗುತ್ತದೆ. ತಿಂದವುಗಳ ಮೈಗೂ ವಿಷ ಸೇರುತ್ತದೆ. ಇಲಿಯನ್ನು ಹಿಡಿಯುವ ಗೂಬೆ, ಹಾವನ್ನು ಕೊಂದುಕೊಂಡರೆ ಮುಂದಿನ ವರ್ಷ ಇಲಿ ಇನ್ನೂ ಜಾಸ್ತಿ. ಅಕ್ಕಪಕ್ಕದವರು ಪಾಷಾಣ ಇಟ್ಟು ನಿಮ್ಮ ಬೆಕ್ಕು ಮಂಕಾದರೆ, ವಸಡು ಬಿಳಿಚಿಕೊಂಡರೆ ತಡಮಾಡದೆ ಪಶುವೈದ್ಯರ ಹತ್ತಿರ ಹೋಗಿ. ಇದಕ್ಕೆ ವಿಟಮಿನ್ ಕೆ1 ಚಿಕಿತ್ಸೆ ಇದೆ, ಬೇಗ ಕೊಟ್ಟರೆ ಬದುಕುವ ಸಾಧ್ಯತೆ ಹೆಚ್ಚು. ಅಂಟು ಹಲಗೆಯನ್ನೂ ಇಡಬೇಡಿ. ಅದಕ್ಕೆ ಹಲ್ಲಿ, ಸಣ್ಣ ಹಕ್ಕಿಗಳೂ ಅಂಟಿಕೊಂಡು ನರಳಿ ಸಾಯುತ್ತವೆ. ನುಸಿ ಗುಳಿಗೆಯೂ ವಿಷವೇ, ಅದು ತೋಟಕ್ಕಲ್ಲ.

ಹಾಗಂತ ಇಲಿಯನ್ನೂ ಅಳಿಲನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನಾನು ಒಪ್ಪುವುದಿಲ್ಲ. ಇಲಿಯ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಇಲಿ ಓಡಾಡುವ ಜಾಗದಲ್ಲಿ ಕೈಗವಸು ಹಾಕಿಕೊಂಡೇ ಮಣ್ಣು ಮುಟ್ಟಿ. ಅರ್ಧ ಕಚ್ಚಿದ ಕಾಯಿಯನ್ನು ಆ ಭಾಗ ಕತ್ತರಿಸಿ ತಿನ್ನಬೇಡಿ. ಹಿಕ್ಕೆ ಬಿದ್ದ ಸೊಪ್ಪನ್ನೂ ಎಸೆಯಿರಿ. ಇಲಿ ಬರುವುದು ಊಟ ಮತ್ತು ಅಡಗುವ ಜಾಗ ಹುಡುಕಿಕೊಂಡು. ಉದುರಿದ ಕಾಯಿಗಳನ್ನು ಸಂಜೆಯೊಳಗೆ ಹೆಕ್ಕಿ. ಬೆಕ್ಕಿನ ತಟ್ಟೆ ರಾತ್ರಿ ಹೊರಗೆ ಉಳಿಯದಿರಲಿ. ಕಾಂಪೋಸ್ಟ್ ಡಬ್ಬಕ್ಕೆ ಮುಚ್ಚಳ ಬೇಕು, ತಳಕ್ಕೆ ತಂತಿ ಜಾಲರಿ ಬೇಕು. ಬೇಯಿಸಿದ ಆಹಾರ ಅದರೊಳಗೆ ಹಾಕಬೇಡಿ. ಗೋಡೆಗೆ ಒರಗಿಸಿಟ್ಟ ಹಲಗೆ, ಹಳೆಯ ಕುಂಡಗಳ ರಾಶಿ ತೆಗೆದುಬಿಡಿ. ಇಷ್ಟು ಮಾಡಿದರೆ ಬಹಳಷ್ಟು ಕಡಿಮೆಯಾಗುತ್ತದೆ. ಆಮೇಲೂ ಮನೆಯೊಳಗೆ ನುಗ್ಗುವಷ್ಟು ಇದ್ದರೆ, ಒಂದೇ ಏಟಿಗೆ ಕೊಲ್ಲುವ ಬೋನೇ ವಿಷಕ್ಕಿಂತ ಕಡಿಮೆ ಕ್ರೂರ. ಬೆಕ್ಕಿನ ಕಾಲು, ಹಕ್ಕಿಯ ಕೊಕ್ಕು ತಲುಪದಂತೆ ಅದನ್ನು ಪೆಟ್ಟಿಗೆಯೊಳಗೆ ಇಡಬೇಕು. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಮೊದಲ ಕೆಲವು ದಿನ ಬೋನು ಹೂಡದೆ ತಿಂಡಿ ಮಾತ್ರ ಇಟ್ಟು ರೂಢಿ ಮಾಡಿಸಿ.

ಅಳಿಲನ್ನು ಹಿಡಿದು ದೂರ ಬಿಟ್ಟು ಬರುವ ಯೋಚನೆ ಬಂದರೆ ಕೈಬಿಡಿ. ಗೊತ್ತಿಲ್ಲದ ಜಾಗದಲ್ಲಿ ಗೂಡಿಲ್ಲದೆ, ಆಹಾರದ ನೆಲೆ ತಿಳಿಯದೆ ಅದು ಬದುಕುವುದು ಕಷ್ಟ. ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಕಾಡುಜೀವಿಯನ್ನು ಹಿಡಿಯುವುದು ಬಹಳ ಕಡೆ ಕಾನೂನಿಗೂ ವಿರುದ್ಧ. ಅದರ ಬದಲು ಗಿಡಗಳಿಂದ ದೂರದಲ್ಲಿ ಒಂದು ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ. ಬೇಸಿಗೆಯಲ್ಲಿ ಟೊಮೆಟೊವನ್ನು ಒಂದೇ ಕಡೆ ಕಚ್ಚಿ ಬಿಟ್ಟುಹೋಗಿದ್ದರೆ ಎಷ್ಟೋ ಸಲ ಅದಕ್ಕೆ ಕಾರಣ ಬಾಯಾರಿಕೆ. ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬಿಸಿ, ಸೊಳ್ಳೆ ಮರಿ ಮಾಡಬಾರದು.

ಹೆದರಿಸುವ ಉಪಾಯಗಳು, ಹೊಳೆಯುವ ಪಟ್ಟಿ, ಹಳೇ ಸಿ.ಡಿ., ಬೆದರುಬೊಂಬೆ ಇವೆಲ್ಲ ಕೆಲವು ದಿನ ಕೆಲಸ ಮಾಡುತ್ತವೆ. ಆಮೇಲೆ ಹಕ್ಕಿ ಬೊಂಬೆಯ ತಲೆ ಮೇಲೇ ಕೂರುತ್ತದೆ. ಹಣ್ಣಾಗುವ ವಾರದಲ್ಲಷ್ಟೇ ಹೊರಗೆ ತೆಗೆದು, ದಿನಾ ಜಾಗ ಬದಲಿಸಿದರೆ ಪ್ರಯೋಜನ ಇದೆ. ಕಿವಿಗೆ ಕೇಳಿಸದ ಶಬ್ದ ಮಾಡಿ ಇಲಿ ಓಡಿಸುತ್ತೇವೆ ಎನ್ನುವ ಯಂತ್ರಗಳಿಗೆ ದುಡ್ಡು ಹಾಕಬೇಡಿ. ಇಂಥ ಮಾತಿಗೆ ವಿಜ್ಞಾನದ ಆಧಾರ ಇರಬೇಕು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ತಯಾರಕರಿಗೆ, ಮಾರಾಟಗಾರರಿಗೆ ಎಚ್ಚರಿಕೆಯ ಪತ್ರ ಕಳಿಸಿತ್ತು.

ಸಸಿಗಳ ಕಾವಲು ಸುಲಭ. ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಸಸಿಯ ಸುತ್ತ ಎರಡು ಇಂಚು ಮಣ್ಣಿಗೆ ಊರಿದರೆ ಮರಿಹುಳು ಬರುವುದಿಲ್ಲ. ಅಳಿಲು, ಬೆಕ್ಕು ಹೊಸ ಮಣ್ಣು ಕಂಡರೆ ಕೆದಕುತ್ತವೆ, ಬೀಜ ಹಾಕಿದ ಕುಂಡದ ಬಾಯಿಗೆ ಜಾಲರಿ ಮುಚ್ಚಿ. ಬಸವನಹುಳುಗೆ ಮೊಟ್ಟೆ ಚಿಪ್ಪು, ತಾಮ್ರದ ಪಟ್ಟಿ ಎಂದೆಲ್ಲ ಹೇಳುತ್ತಾರೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಇವನ್ನು ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ಉಪಯೋಗ ಕಾಣಲಿಲ್ಲ. ಸಂಜೆ ಒಂದು ಒದ್ದೆ ಹಲಗೆ ನೆಲದ ಮೇಲಿಡಿ. ಬೆಳಗ್ಗೆ ಅದರ ಕೆಳಗೆ ಸೇರಿಕೊಂಡದ್ದನ್ನು ಹೆಕ್ಕಿ. ನೀರು ಬೆಳಗ್ಗೆಯೇ ಹಾಕಿದರೆ ರಾತ್ರಿ ಹೊತ್ತಿಗೆ ಮೇಲ್ಮಣ್ಣು ಒಣಗಿ ಅವುಗಳ ಓಡಾಟ ಕಡಿಮೆಯಾಗುತ್ತದೆ. ಬಸವನಹುಳು ಕೊಲ್ಲಲು ಮಾರುವ ಮೆಟಾಲ್ಡಿಹೈಡ್ ಗುಳಿಗೆ ಬೇಡ, ಬೆಕ್ಕು ನಾಯಿಗೆ ಅದು ಪ್ರಾಣಾಂತಿಕ.

ಇನ್ನು ಮುದುಡಿದ ಎಲೆ. ಎಲೆಯ ಅಂಚು ಯಾವ ಕಡೆಗೆ ಮಡಚಿದೆ ನೋಡಿ. ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಬಿಳಿ ಕಾಗದ ಹಿಡಿದು ಅದರ ಮೇಲೆ ಕೊಂಬೆ ತಟ್ಟಿ. ಥ್ರಿಪ್ಸ್ ಆದರೆ ಸಣ್ಣ ಗೆರೆಯಂಥ ಹುಳುಗಳು ಕಾಗದದ ಮೇಲೆ ಸರಸರ ಓಡುತ್ತವೆ. ಮೈಟ್ ನುಸಿಗೆ ಭೂತಗನ್ನಡಿಯೇ ಬೇಕು. ಎಲೆ ಮುದುಡುವುದರ ಜೊತೆ ಹಳದಿಯಾಗಿ, ಗಿಡ ಕುಳ್ಳಾಗಿ, ಅಲುಗಿಸಿದಾಗ ಬಿಳಿನೊಣ ಎದ್ದರೆ ಅದು ಆ ನೊಣ ಹರಡುವ ನಂಜುರೋಗ (ವೈರಸ್). ಅದಕ್ಕೆ ಮದ್ದಿಲ್ಲ. ಗಿಡ ಕಿತ್ತು ದೂರ ಹಾಕಿ, ಪಕ್ಕದವಾದರೂ ಉಳಿಯಲಿ. ಮೊದಲ ಎರಡಕ್ಕೆ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ, ತೀರಾ ಮುದುಡಿದ ತುದಿ ಚಿವುಟಿ. ಆಮೇಲೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪು ನೀರು ಸೇರಿಸಿ, ವಾರಕ್ಕೊಮ್ಮೆ ಸಿಂಪಡಿಸಿ. ಬಿಸಿಲು ಇಳಿದು ಜೇನುನೊಣಗಳು ಹೋದ ಮೇಲೆ ಮಾಡಿ. ಮೊದಲು ಒಂದೇ ಕೊಂಬೆಗೆ ಹಾಕಿ ಎಲೆ ಸುಡುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಸಿಂಪಡಿಸುವ ಮುಂಚೆ ದಯವಿಟ್ಟು ಎಲೆ ತಿರುಗಿಸಿ ನೋಡಿ. ಗಿಡದ ರಸ ಹೀರುವ ಸಸ್ಯಹೇನು ಮುತ್ತಿದ ಕೊಂಬೆಯ ಮೇಲೆ ಕಪ್ಪು ಮೈಯ, ಕಿತ್ತಳೆ ಚುಕ್ಕೆಯ, ಆರು ಕಾಲಿನ ಒಂದು ಹುಳು ಪುಟ್ಟ ಮೊಸಳೆಯ ಹಾಗೆ ತೆವಳುತ್ತಿರಬಹುದು. ನೋಡಲು ಭಯಂಕರವಾಗಿದೆ ಎಂದು ಜನ ಅದನ್ನೇ ಹೊಸಕಿ ಹಾಕುತ್ತಾರೆ. ಅದು ಗುಲಗಂಜಿ ಹುಳುವಿನ ಮರಿ, ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ. ದೊಡ್ಡದಾದ ಗುಲಗಂಜಿ ಹುಳುವಿನ ಬೆನ್ನು ನುಣುಪಾಗಿ ಮಿರುಗುತ್ತದೆ. ಬೆನ್ನು ಮಂಕಾಗಿ, ನವಿರು ಕೂದಲಿನಿಂದ ಕೂಡಿ, ತುಂಬ ಚುಕ್ಕೆಗಳಿದ್ದರೆ ಅದು ಎಲೆ ಕೆರೆದು ತಿನ್ನುವ ಬೇರೆ ಜಾತಿ, ಬದನೆ ಎಲೆಯನ್ನು ಜರಡಿ ಮಾಡುತ್ತದೆ. ಅದನ್ನು ಕೈಯಿಂದ ಹೆಕ್ಕಿ ತೆಗೆಯಿರಿ. ಹೇನಿರುವ ಕೊಂಬೆಗೆ ಇರುವೆ ಸಾಲು ಹತ್ತುತ್ತಿದ್ದರೆ ಮೊದಲು ಇರುವೆಯನ್ನು ತಡೆಯಬೇಕು. ಹೇನು ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಗುಲಗಂಜಿ ಹುಳುವನ್ನೇ ಓಡಿಸುತ್ತವೆ. ಕುಂಡವನ್ನು ನೀರಿನ ತಟ್ಟೆಯಲ್ಲಿ ಇಟ್ಟಿಗೆಯ ಮೇಲೆ ಕೂರಿಸಿ, ಎಲೆ ಬೇರೆಲ್ಲೂ ತಾಗದ ಹಾಗೆ ನೋಡಿಕೊಂಡರೆ ಸಾಕು. ಕಪ್ಪೆ, ಜೇಡ, ಓತಿಕೇತ ಕಂಡರೆ ಹಾಗೇ ಬಿಡಿ. ಅವೆಲ್ಲ ಸಂಬಳವಿಲ್ಲದೆ ದುಡಿಯುತ್ತಿವೆ.

ಗಿಡದ ಆರೈಕೆಯಲ್ಲಿ ನಿಮಗೆ ದೊಡ್ಡ ತೊಂದರೆ ಕಾಣುತ್ತಿಲ್ಲ, ಚುಟುಕಾಗಿ ಹೇಳುತ್ತೇನೆ. ಮೆಣಸಿನ ಬೀಜ ಮೊಳೆಯಲು ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿರಬೇಕು. ಗಿಡಕ್ಕೆ ಆರು ಗಂಟೆ ಬಿಸಿಲು, ಕನಿಷ್ಠ 12 ಇಂಚಿನ ಕುಂಡ ಬೇಕು. ಹಗಲು 32 ಡಿಗ್ರಿ ದಾಟಿ, ರಾತ್ರಿಯೂ 24ಕ್ಕಿಂತ ಕೆಳಗಿಳಿಯದಿದ್ದರೆ ಕ್ಯಾಪ್ಸಿಕಂ ಹೂ ಉದುರುತ್ತದೆ. ಅದನ್ನು ಯಾವ ಪ್ರಾಣಿಯೂ ತಿಂದದ್ದಲ್ಲ. ಮಧ್ಯಾಹ್ನ ನೆರಳು ಬಲೆ ಕಟ್ಟಿ, ಕಾಯಿರಿ. ಕಾಯಿಯ ತುದಿ ಕಪ್ಪಾಗಿ ಒಳಕ್ಕೆ ಕುಗ್ಗಿದ್ದರೆ ಅದೂ ಹುಳುವಿನ ಕೆಲಸವಲ್ಲ. ಒಂದು ದಿನ ನೀರು ಜಾಸ್ತಿ, ಇನ್ನೊಂದು ದಿನ ಇಲ್ಲವೇ ಇಲ್ಲ ಎಂದಾದರೆ ಕಾಯಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ. ಬುಡಕ್ಕೆ ಒಣ ಎಲೆ ಹೊದಿಸಿ ತೇವ ಒಂದೇ ಸಮ ಇರಿಸಿ. ಸಾರಜನಕದ ಗೊಬ್ಬರ ಅತಿಯಾಗಿ ಹಾಕಬೇಡಿ. ಎಲೆ ಸೊಂಪಾಗಿ ಬೆಳೆದು ಕಾಯಿ ಕಡಿಮೆಯಾಗುತ್ತದೆ, ಆ ಮೆತ್ತಗಿನ ಚಿಗುರಿಗೆ ಹೇನೂ ಬೇಗ ಮುತ್ತುತ್ತದೆ.

ಕೊನೆಗೆ ಬೀನ್ಸ್ ಬಳ್ಳಿಯ ಗೂಡು. ಅದನ್ನು ಸರಿಸಬೇಡಿ, ಚೆನ್ನಾಗಿ ಕಾಣಲಿ ಎಂದು ಸುತ್ತಲಿನ ಎಲೆ ಕೀಳಲೂಬೇಡಿ. ಆ ಎಲೆಯೇ ಅದಕ್ಕೆ ಮರೆ. ತೋಟಕ್ಕೆ ಬರುವ ಸಣ್ಣ ಹಕ್ಕಿಗಳಲ್ಲಿ ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಇನ್ನೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಬಳ್ಳಿಗೆ ನೀರನ್ನು ಬುಡಕ್ಕೆ ಮಾತ್ರ, ಮೆಲ್ಲಗೆ ಹಾಕಿ. ಬೇವಿನ ಎಣ್ಣೆಯೂ ಸೇರಿ ಯಾವ ಸಿಂಪಡಣೆಯೂ ಅದರ ಹತ್ತಿರ ಬೇಡ. ಬೆಕ್ಕನ್ನು ಬೆಳಗ್ಗೆ ಮತ್ತು ಸಂಜೆ ಒಳಗೇ ಇಟ್ಟುಕೊಳ್ಳಿ, ಮರಿ ಹಾರಲು ಕಲಿಯುವ ವಾರದಲ್ಲಿ ಇಡೀ ದಿನ. ಕೈಗೆಟಕುವ ಬೀನ್ಸ್ ಕೊಯ್ಯುತ್ತಿರಿ, ಗೂಡಿನ ಪಕ್ಕದವನ್ನು ಗಿಡದಲ್ಲೇ ಬಲಿಯಲು ಬಿಡಿ. ಗೂಡು ಖಾಲಿಯಾಗುವ ಹೊತ್ತಿಗೆ ಆ ಕಾಯಿಗಳು ಒಣಗಿರುತ್ತವೆ. ಸುಲಿದು ಇಟ್ಟುಕೊಂಡರೆ ಮುಂದಿನ ಬಿತ್ತನೆಗೆ ಬೀಜ ಆಯಿತು.